ಟೂವಿಕ್ಸ್‌ಗೆ ಸಿಗದ ವಿಚಾರಣೆ

ವೈಜ್ಞಾನಿಕ ಕಥೆ, ಸಿನಿಮಾ, ಧಾರಾವಾಹಿಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಓದಿ ಕೆಲಸದಲ್ಲಿರುವ, ಮನೆಮಕ್ಕಳ ಜವಾಬ್ದಾರಿ ಹೊತ್ತ ಜನ ಟಿ.ವಿ. ಧಾರಾವಾಹಿಯೊಂದರ ಒಂದೇ ಕಂತನ್ನು ಹಿಡಿದುಕೊಂಡು ವರ್ಷಗಟ್ಟಲೆ ವಾದಿಸುವುದೇಕೆ? ಕೆಲವರು ಇದನ್ನು ಕುತೂಹಲದಿಂದ ಕೇಳುತ್ತಾರೆ, ಕೆಲವರು ಬೇಸರದಿಂದ. ಎಲ್ಲ ಅಭಿಮಾನಿಗಳ ಪರವಾಗಿ ಉತ್ತರಿಸಲು ಹೊರಟರೆ ಮಾತು ತೇಲಿಹೋಗುತ್ತದೆ. ಹಾಗಾಗಿ ಒಂದೇ ಕಂತನ್ನು ಎತ್ತಿಕೊಳ್ಳುತ್ತೇನೆ. 1996ರ ಮೇ 6ರಂದು ಅಮೆರಿಕದಲ್ಲಿ ಪ್ರಸಾರವಾದ, ಸ್ಟಾರ್ ಟ್ರೆಕ್ ಅಭಿಮಾನಿಗಳನ್ನು ಇವತ್ತಿಗೂ ಎರಡು ಬಣಗಳಾಗಿ ಒಡೆಯುವ ಕಂತು ಅದು. ಹೆಸರು ‘ಟೂವಿಕ್ಸ್’.

ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಜೀನ್ ರಾಡನ್‌ಬೆರಿ ಸೃಷ್ಟಿಸಿದ ಮೂಲ ಸ್ಟಾರ್ ಟ್ರೆಕ್ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಅದರ ಬೆನ್ನಿಗೆ ಬಂದ ಹಲವು ಧಾರಾವಾಹಿಗಳಲ್ಲಿ ‘ವಾಯೇಜರ್’ ಒಂದು. 1995ರಿಂದ 2001ರವರೆಗೆ ಏಳು ಸೀಸನ್ ನಡೆಯಿತು. ವಾಯೇಜರ್ ಎಂಬ ಅಂತರಿಕ್ಷ ನೌಕೆ ತನ್ನವರಿಂದ 70,000 ಜ್ಯೋತಿರ್ವರ್ಷ ದೂರಕ್ಕೆ ಸಿಡಿದುಬಿದ್ದಿದೆ. ಎಷ್ಟೇ ವೇಗವಾಗಿ ಹೊರಟರೂ ಭೂಮಿ ಮುಟ್ಟಲು 75 ವರ್ಷ ಬೇಕು. ಮೇಲಧಿಕಾರಿಗಳಿಲ್ಲ, ನ್ಯಾಯಾಲಯವಿಲ್ಲ, ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ ಹೇಳಿದ್ದೇ ಕೊನೆಯ ಮಾತು. ಈ ಪಾತ್ರವನ್ನು ಮಾಡಿದವರು ಕೇಟ್ ಮಲ್‌ಗ್ರೂ. ನೌಕೆಯ ಭದ್ರತಾ ಮುಖ್ಯಸ್ಥ ಟೂವಾಕ್. ಅವನು ವಲ್ಕನ್, ಅಂದರೆ ಭಾವನೆಗಳನ್ನು ಹತ್ತಿಕ್ಕಿ ತರ್ಕವನ್ನೇ ನೆಚ್ಚಿಕೊಂಡ ಜನಾಂಗದವನು. ಅಡುಗೆಮನೆ ನೋಡಿಕೊಳ್ಳುವವನು ನೀಲಿಕ್ಸ್. ಬಾಯಿ ತುಂಬ ಮಾತು, ಎಲ್ಲರ ಕಷ್ಟಸುಖದಲ್ಲೂ ತಲೆಹಾಕುವ ಸ್ವಭಾವ. ಟೂವಾಕ್‌ಗೆ ಅವನನ್ನು ಕಂಡರೆ ಕಿರಿಕಿರಿ.

ಇಬ್ಬರೂ ಒಂದು ಗ್ರಹಕ್ಕೆ ಗಿಡಗಳ ಮಾದರಿ ತರಲು ಹೋಗುತ್ತಾರೆ. ಮರಳುವಾಗ ಟ್ರಾನ್ಸ್‌ಪೋರ್ಟರ್ ಬಳಸುತ್ತಾರೆ. ದೇಹವನ್ನು ಕಣಕಣವಾಗಿ ಬಿಡಿಸಿ ಇನ್ನೊಂದೆಡೆ ಮತ್ತೆ ಜೋಡಿಸುವ ಯಂತ್ರ ಅದು. ಜೊತೆಯಲ್ಲಿದ್ದ ಒಂದು ಹೂವಿಗೆ ಬೇರೆ ಜೀವಿಗಳನ್ನು ತನ್ನೊಳಗೆ ಬೆರೆಸಿಕೊಳ್ಳುವ ಗುಣವಿರುತ್ತದೆ. ಇಬ್ಬರು ಹೋದವರು ಒಬ್ಬನಾಗಿ ಬರುತ್ತಾರೆ. ಟಾಮ್ ರೈಟ್ ಎಂಬ ನಟ ಮಾಡಿದ ಈ ಹೊಸ ಮನುಷ್ಯನಿಗೆ ಇಬ್ಬರ ನೆನಪುಗಳೂ ಇವೆ. ಟೂವಾಕ್‌ನ ಚುರುಕು ಬುದ್ಧಿಯ ಜೊತೆಗೆ ನೀಲಿಕ್ಸ್‌ನ ಅಕ್ಕರೆ. ಆದರೆ ಅವನು ಅವರಿಬ್ಬರಲ್ಲಿ ಯಾರೂ ಅಲ್ಲ. ತನಗೆ ತಾನೇ ಟೂವಿಕ್ಸ್ ಎಂದು ಹೆಸರಿಟ್ಟುಕೊಳ್ಳುತ್ತಾನೆ. ಬೇರ್ಪಡಿಸುವ ದಾರಿ ಕಾಣದ ವೈದ್ಯ ಕೈಚೆಲ್ಲುತ್ತಾನೆ. ವಾರಗಳು ಕಳೆಯುತ್ತವೆ. ಟೂವಿಕ್ಸ್ ಭದ್ರತಾ ಹುದ್ದೆಯಲ್ಲಿ ಚೆನ್ನಾಗಿ ದುಡಿಯುತ್ತಾನೆ, ಅಡುಗೆಯಲ್ಲಿ ನೀಲಿಕ್ಸ್‌ಗಿಂತ ಒಂದು ಕೈ ಮೇಲು. ಸಹೋದ್ಯೋಗಿಗಳು ಅವನನ್ನು ಹಚ್ಚಿಕೊಳ್ಳುತ್ತಾರೆ. ಕೆಸ್ ಎಂಬ ಹುಡುಗಿಯ ಸಂಕಟ ಮಾತ್ರ ಬೇರೆ. ನೀಲಿಕ್ಸ್ ಅವಳ ಪ್ರಿಯಕರ, ಟೂವಾಕ್ ಅವಳ ಗುರು. ಇಬ್ಬರನ್ನೂ ಒಂದೇ ದಿನ ಕಳೆದುಕೊಂಡಿದ್ದಾಳೆ, ಅವರಿಬ್ಬರ ನೆನಪು ಹೊತ್ತ ಅಪರಿಚಿತನೊಬ್ಬ ಅವಳನ್ನು ಪ್ರೀತಿಸುತ್ತಿದ್ದಾನೆ.

ಆಗ ವೈದ್ಯನಿಗೆ ದಾರಿ ಹೊಳೆಯುತ್ತದೆ. ಬೆರೆತ ಡಿಎನ್‌ಎಯಲ್ಲಿ ಒಬ್ಬನ ಭಾಗಕ್ಕೆ ವಿಕಿರಣಶೀಲ ಗುರುತು ಹಚ್ಚಿ ಟ್ರಾನ್ಸ್‌ಪೋರ್ಟರ್ ಮೂಲಕ ಇಬ್ಬರನ್ನೂ ಬೇರೆ ಮಾಡಬಹುದು. ಎಲ್ಲರಿಗೂ ಸಂತೋಷ. ಟೂವಿಕ್ಸ್ ಮಾತ್ರ ಸಂತೋಷಪಡುವುದಿಲ್ಲ. ನನಗೆ ಸಾಯಲು ಇಷ್ಟವಿಲ್ಲ ಎನ್ನುತ್ತಾನೆ.

ಇಲ್ಲಿಂದಾಚೆಗಿನ ಕೆಲವೇ ನಿಮಿಷಗಳಿಗಾಗಿ ಈ ಕಂತು ಉಳಿದಿದೆ. ಟೂವಿಕ್ಸ್ ಕ್ಯಾಪ್ಟನ್ ಮುಂದೆ ವಾದಿಸುತ್ತಾನೆ. ಜೇನ್‌ವೇ ಸಮಾಧಾನದಿಂದಲೇ ಉತ್ತರಿಸುತ್ತಾಳೆ: ಇಲ್ಲಿ ಬಂದು ಮಾತನಾಡಲಾಗದ ಇಬ್ಬರಿದ್ದಾರೆ, ಅವರ ಧ್ವನಿ ನಾನಾಗಬೇಕು, ಅವರಿಗೆ ಬದುಕುವ ಆಸೆ ಇದ್ದೇ ಇರುತ್ತದೆ. ಅವನು ನಿಯಂತ್ರಣ ಕೊಠಡಿಗೆ ಹೋಗಿ ಒಬ್ಬೊಬ್ಬರನ್ನೂ ಬೇಡಿಕೊಳ್ಳುತ್ತಾನೆ. ನಿನ್ನೆಯವರೆಗೆ ಅವನ ಜೊತೆ ಕುಳಿತು ಉಂಡವರು ಮುಖ ತಿರುಗಿಸುತ್ತಾರೆ. ಕೊನೆಗೆ ಅವನು ಅವರನ್ನೆಲ್ಲ ಕ್ಷಮಿಸಿ ಕಾವಲಿನವರ ಜೊತೆ ನಡೆಯುತ್ತಾನೆ. ಚಿಕಿತ್ಸಾ ಕೊಠಡಿಯಲ್ಲಿ ವೈದ್ಯ ಯಂತ್ರ ಮುಟ್ಟುವುದಿಲ್ಲ. ಅವನು ಮನುಷ್ಯನೇ ಅಲ್ಲ, ಕಂಪ್ಯೂಟರ್ ಮೂಡಿಸಿದ ಹಾಲೊಗ್ರಾಂ. ಆದರೂ ಒಪ್ಪಿಗೆಯಿಲ್ಲದ ವ್ಯಕ್ತಿಯ ಪ್ರಾಣ ತೆಗೆಯುವ ಕೆಲಸ ವೈದ್ಯನದಲ್ಲ ಎಂದು ನಿರಾಕರಿಸುತ್ತಾನೆ. ಜೇನ್‌ವೇ ತಾನೇ ಗುಂಡಿ ಒತ್ತುತ್ತಾಳೆ. ಟೂವಾಕ್, ನೀಲಿಕ್ಸ್ ಎದ್ದು ನಿಲ್ಲುತ್ತಾರೆ. ಅವರನ್ನು ಸ್ವಾಗತಿಸಿ ಅವಳು ಹೊರಗೆ ನಡೆಯುತ್ತಾಳೆ. ಕಂತು ಮುಗಿಯಿತು. ಮುಂದಿನ ಸೀಸನ್‌ಗಳಲ್ಲಿ ಈ ನಿರ್ಧಾರದ ಬಗ್ಗೆ ಯಾರೂ ಅವಳನ್ನು ನಿಲ್ಲಿಸಿ ಕೇಳುವುದಿಲ್ಲ.

ಅಭಿಮಾನಿಗಳ ಒಂದು ಬಣ ಇದನ್ನು ಕೊಲೆ ಎನ್ನುತ್ತದೆ. ಟೂವಿಕ್ಸ್ ಯಾರಿಗೂ ಅಪಾಯ ಮಾಡಿರಲಿಲ್ಲ, ಆರೋಗ್ಯವಾಗಿದ್ದ, ಬದುಕಬೇಕೆಂದು ಬಾಯಿಬಿಟ್ಟು ಕೇಳಿದ. ಇನ್ನೊಂದು ಬಣದ್ದು ರಕ್ಷಣಾ ಕಾರ್ಯಾಚರಣೆಯ ವಾದ. ಇಬ್ಬರು ಅಪಘಾತದಲ್ಲಿ ಸಿಲುಕಿದ್ದರು, ಹೊರತರುವ ಸಾಧನ ಕೈಯಲ್ಲಿತ್ತು, ಕ್ಯಾಪ್ಟನ್ ಹೊರತಂದಳು. ಟೂವಾಕ್‌ಗೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆ. ಅವರ ಮುಂದೆ ನಿಂತು ‘ತರಬಹುದಿತ್ತು, ತರಲಿಲ್ಲ’ ಎಂದು ಹೇಳುವುದು ಹೇಗೆ? ಈ ಎರಡನೆಯ ವಾದವನ್ನು ತಳ್ಳಿಹಾಕುವವರು ಸತ್ತವರ ಕಡೆಯಿಂದ ಒಮ್ಮೆ ಯೋಚಿಸಬೇಕು. ಸತ್ತವರು ಮಾತಾಡುವುದಿಲ್ಲ, ಎದುರಿಗಿರುವವನ ಕಣ್ಣೀರು ಮಾತ್ರ ಕಾಣುತ್ತದೆ.

ನನ್ನ ಅಕ್ಕನ ಮಗಳು ವೈದ್ಯೆ, ತೀವ್ರ ನಿಗಾ ಘಟಕದಲ್ಲಿ ಕೆಲಸ. ಅವಳ ಜೊತೆ ಈ ಕಂತು ನೋಡಿದಾಗ ವಾದ ಎರಡು ಬಣಗಳಾಚೆಗೆ ಹೋಯಿತು. “ಅವನು ಬೇಡ ಅಂದ ಮೇಲೆ ಅಲ್ಲಿಗೆ ಮುಗೀತು ಮಾಮ, ಒಪ್ಪಿಗೆ ಇಲ್ಲದೆ ಸೂಜಿಯನ್ನೂ ಚುಚ್ಚೋ ಹಾಗಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತು ಬದಲಿಸಿದಳು. ಪ್ರಜ್ಞೆ ಇಲ್ಲದ ರೋಗಿಯ ವಿಷಯದಲ್ಲಿ ತಾವು ದಿನಾ ಕೇಳುವ ಪ್ರಶ್ನೆ, ಅವರು ಮಾತಾಡುವಂತಿದ್ದರೆ ಏನು ಹೇಳುತ್ತಿದ್ದರು ಎಂಬುದು. ಟೂವಾಕ್, ನೀಲಿಕ್ಸ್ ಇಬ್ಬರೂ ಪ್ರಜ್ಞೆ ಇಲ್ಲದ ರೋಗಿಗಳು ಎಂದುಕೊಂಡರೆ ಜೇನ್‌ವೇ ಮಾಡಿದ್ದೂ ಅದನ್ನೇ ಅಲ್ಲವೇ? ಆಸ್ಪತ್ರೆಯಲ್ಲಿ ಎಂದೂ ಒಟ್ಟಿಗೆ ಎದುರಾಗದ ಎರಡು ನಿಯಮಗಳು ಇಲ್ಲಿ ಎದುರುಬದುರು ನಿಂತಿವೆ. ಅಭಿಮಾನಿಗಳ ಚರ್ಚೆಯನ್ನು ಹರಟೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಕಥೆಯ ನೆಪದಲ್ಲಿ ಅವರು ತಮ್ಮ ತಮ್ಮ ವೃತ್ತಿಯ, ಬದುಕಿನ ತೂಕದ ಕಲ್ಲುಗಳನ್ನು ತಂದು ತಕ್ಕಡಿಗೆ ಹಾಕುತ್ತಿರುತ್ತಾರೆ.

ತತ್ತ್ವಶಾಸ್ತ್ರ ಓದಿದ ಅಭಿಮಾನಿಗಳು ಟ್ರಾಲಿ ಸಮಸ್ಯೆಯನ್ನು ತರುತ್ತಾರೆ. ಬ್ರಿಟನ್ನಿನ ಫಿಲಿಪ್ಪಾ ಫುಟ್ 1967ರಲ್ಲಿ ಮುಂದಿಟ್ಟ, ಅಮೆರಿಕದ ಜೂಡಿತ್ ಜಾರ್ವಿಸ್ ಥಾಮ್ಸನ್ ಬೆಳೆಸಿದ ಪ್ರಶ್ನೆ ಅದು: ಐವರನ್ನು ಉಳಿಸಲು ಒಬ್ಬನ ಮೇಲೆ ಗಾಡಿ ತಿರುಗಿಸಬಹುದೇ? ಆದರೆ ಥಾಮ್ಸನ್ ಚರ್ಚಿಸುವ ಶಸ್ತ್ರಚಿಕಿತ್ಸಕನ ಪ್ರಸಂಗ ಟೂವಿಕ್ಸ್‌ಗೆ ಹೆಚ್ಚು ಹತ್ತಿರ. ಐವರು ರೋಗಿಗಳಿಗೆ ಅಂಗಾಂಗ ಬೇಕು, ಆರೋಗ್ಯವಂತನೊಬ್ಬ ಆಸ್ಪತ್ರೆಗೆ ಬರುತ್ತಾನೆ. ಅವನನ್ನು ಕತ್ತರಿಸಿ ಐವರನ್ನು ಉಳಿಸಬಹುದೇ? ಗಾಡಿ ತಿರುಗಿಸಲು ಒಪ್ಪಿದವರಲ್ಲಿ ಹೆಚ್ಚಿನವರು ಇಲ್ಲಿ ಹಿಂಜರಿಯುತ್ತಾರೆ. ತಲೆ ಎಣಿಕೆಯಿಂದ ನ್ಯಾಯ ತೀರುವುದಿಲ್ಲ ಎಂಬುದಕ್ಕೆ ಆ ಹಿಂಜರಿಕೆಯೇ ಸಾಕ್ಷಿ. ಒಬ್ಬನ ಬದಲು ಇಬ್ಬರು ಸಿಕ್ಕರು ಎಂಬ ಲೆಕ್ಕವನ್ನು ಜೇನ್‌ವೇ ಪರ ವಕಾಲತ್ತು ವಹಿಸುವವರು ಕೈಬಿಡುವುದು ಒಳ್ಳೆಯದು. ಅದು ಅವರ ವಾದದ ಅತಿ ದುರ್ಬಲ ಭಾಗ.

ಕನ್ನಡದ ಓದುಗರಿಗೆ ಈ ಇಕ್ಕಟ್ಟು ಹೊಸದೇನಲ್ಲ. ಬೇತಾಳನ ಕಥೆಗಳಲ್ಲಿ ತಲೆ ಅದಲುಬದಲಾದ ಇಬ್ಬರಲ್ಲಿ ಗಂಡ ಯಾರು ಎಂಬ ಕಥೆ ನೆನಪಿರಬಹುದು. ವಿಕ್ರಮ ಉತ್ತರ ಹೇಳುತ್ತಾನೆ: ದೇಹಕ್ಕೆ ತಲೆಯೇ ಪ್ರಧಾನ. ಬೇತಾಳ ಮರಕ್ಕೆ ಹಾರುತ್ತದೆ, ಕಥೆ ಮುಗಿಯಿತು. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನು ಕಿರುಕಾದಂಬರಿಯಾಗಿ ಬರೆದರು. ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ ಬರೆದಾಗ ವಿಕ್ರಮನ ಉತ್ತರಕ್ಕೆ ತೃಪ್ತರಾಗಲಿಲ್ಲ. ಅವರ ನಾಟಕದಲ್ಲೂ ತಲೆಗೇ ಪಟ್ಟ ಕಟ್ಟುವ ತೀರ್ಪು ಬರುತ್ತದೆ, ಆದರೆ ನಾಟಕ ಅಲ್ಲಿಗೆ ನಿಲ್ಲದು. ದೇವದತ್ತನ ತಲೆ ಹೊತ್ತ ಗಟ್ಟಿ ದೇಹ ಮೆಲ್ಲಮೆಲ್ಲನೆ ಮತ್ತೆ ಸೊರಗುತ್ತದೆ, ಕಪಿಲನ ತಲೆ ಹೊತ್ತ ಮೆತ್ತನೆಯ ದೇಹ ಕಾಡಿನಲ್ಲಿ ಗಟ್ಟಿಯಾಗುತ್ತದೆ. ದೇವದತ್ತನ ಹೆಂಡತಿ ಪದ್ಮಿನಿ ಬಯಸಿದ್ದು ಕೈಗೆ ಸಿಕ್ಕಿಯೂ ಜಾರಿಹೋಗುತ್ತದೆ. ತೀರ್ಪಿನ ಪರಿಣಾಮವನ್ನು ಮೂವರೂ ಪ್ರಾಣ ಕೊಟ್ಟು ಅನುಭವಿಸುತ್ತಾರೆ. ಕಾರ್ನಾಡರ ನಾಟಕದ ಅರ್ಧ ಭಾಗ ತೀರ್ಪಿನ ನಂತರದ್ದು. ಟೂವಿಕ್ಸ್ ಕಂತಿನಲ್ಲಿ ಆ ಅರ್ಧ ಭಾಗವೇ ಇಲ್ಲ. ಕ್ಯಾಪ್ಟನ್ ತೀರ್ಪು ಕೊಟ್ಟಳು, ಜಾರಿಯನ್ನೂ ಮಾಡಿದಳು, ಪರದೆ ಬಿತ್ತು. ನಂತರದ ಭಾಗವನ್ನು ಅಭಿಮಾನಿಗಳು ತಾವೇ ನಡೆಸುತ್ತಿದ್ದಾರೆ. ಓದುಗರ ಪ್ರಶ್ನೆಗೆ ನನ್ನ ಉತ್ತರದ ಮೊದಲರ್ಧ ಇದು.

ಎರಡನೆಯ ಅರ್ಧ ನನಗೆ ಹೆಚ್ಚು ಮುಖ್ಯ. ತೀರ್ಪು ಸರಿಯೋ ತಪ್ಪೋ ಎಂಬುದರ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ವಿಚಾರಣೆ ಎಲ್ಲಿ ನಡೆಯಿತು? ಅದೇ ಎರಡನೇ ಸೀಸನ್‌ನಲ್ಲಿ, ಟೂವಿಕ್ಸ್‌ಗಿಂತ ಮೂರು ತಿಂಗಳೂ ತುಂಬದ ಮೊದಲು, 1996ರ ಫೆಬ್ರುವರಿ 19ರಂದು ‘ಡೆತ್ ವಿಶ್’ ಎಂಬ ಕಂತು ಬಂದಿತ್ತು. ಕ್ಯೂ ಎಂಬ ಅಮರ, ಸರ್ವಶಕ್ತ ಜನಾಂಗದ ಒಬ್ಬ ತನಗೆ ಸಾಯುವ ಹಕ್ಕು ಬೇಕೆಂದು ಜೇನ್‌ವೇಯ ಆಶ್ರಯ ಕೋರುತ್ತಾನೆ. ಅವನ ಜನಾಂಗ ಇದನ್ನು ವಿರೋಧಿಸುತ್ತದೆ. ಜೇನ್‌ವೇ ಆಗ ಒಂದೇ ಮಾತಿನಲ್ಲಿ ತೀರ್ಮಾನಿಸಲಿಲ್ಲ. ಅದೇ ನೌಕೆಯಲ್ಲಿ ವಿಧಿವತ್ತಾಗಿ ವಿಚಾರಣೆ ನಡೆಸಿದಳು, ಎರಡೂ ಕಡೆಯ ವಾದ ಆಲಿಸಿದಳು, ಸಾಕ್ಷಿಗಳನ್ನು ಕರೆಸಿದಳು, ಆಮೇಲೆ ತೀರ್ಪು ಕೊಟ್ಟಳು. ಸಾಯಬೇಕು ಎಂದವನ ಪರ ವಕೀಲನಾಗಿ ನಿಂತು ವಾದಿಸಿದವನು ಬೇರೆ ಯಾರೂ ಅಲ್ಲ, ಟೂವಾಕ್.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಯುತ್ತೇನೆ ಎಂದವನಿಗೆ ವಿಚಾರಣೆ ಸಿಕ್ಕಿತು, ವಕೀಲ ಸಿಕ್ಕಿದ. ಬದುಕುತ್ತೇನೆ ಎಂದವನಿಗೆ ಎರಡೂ ಸಿಗಲಿಲ್ಲ. ಆ ವಕೀಲನ ನೆನಪು, ತರ್ಕ, ಕಾನೂನಿನ ತಿಳಿವಳಿಕೆ ಎಲ್ಲ ಟೂವಿಕ್ಸ್‌ನೊಳಗೇ ಇತ್ತು. ತನಗೆ ಏನನ್ನು ನಿರಾಕರಿಸಲಾಗುತ್ತಿದೆ ಎಂಬುದು ಆ ನೌಕೆಯಲ್ಲಿ ಅವನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಊರು ದೂರ, ನ್ಯಾಯಾಲಯವಿಲ್ಲ, ಕ್ಯಾಪ್ಟನ್ ಒಂಟಿ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ಫೆಬ್ರುವರಿಯಲ್ಲೂ ಊರು ಅಷ್ಟೇ ದೂರವಿತ್ತು.

ಸ್ಟಾರ್ ಟ್ರೆಕ್ ಬಳಗಕ್ಕೆ ಈ ವಿಷಯದಲ್ಲಿ ಇನ್ನೂ ಹಳೆಯ ಪರಂಪರೆಯಿದೆ. ‘ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯಲ್ಲಿ 1989ರ ಫೆಬ್ರುವರಿಯಲ್ಲಿ ಬಂದ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತನ್ನು ಬರೆದವರು ವಕೀಲೆಯಾಗಿದ್ದ ಮೆಲಿಂಡಾ ಸ್ನಾಡ್‌ಗ್ರಾಸ್. ಡೇಟಾ ಎಂಬ ಯಂತ್ರಮಾನವನನ್ನು ಬಿಚ್ಚಿ ಅಧ್ಯಯನ ಮಾಡಲು ವಿಜ್ಞಾನಿಯೊಬ್ಬ ಬರುತ್ತಾನೆ. ಡೇಟಾ ಒಪ್ಪುವುದಿಲ್ಲ. ಅವನು ವ್ಯಕ್ತಿಯೋ ಸರ್ಕಾರದ ಆಸ್ತಿಯೋ ಎಂಬ ಪ್ರಶ್ನೆ ವಿಚಾರಣೆಗೆ ಬರುತ್ತದೆ. ವಿಚಾರಣೆ ನಡೆಯುವುದು ಹೊಸ ನೆಲೆಯೊಂದರಲ್ಲಿ, ಅಲ್ಲಿ ವಕೀಲರೇ ಇಲ್ಲ. ಹಾಗೆಂದು ಕೈಬಿಡುವುದಿಲ್ಲ. ಕ್ಯಾಪ್ಟನ್ ಪಿಕಾರ್ಡ್ ಡೇಟಾ ಪರ ನಿಲ್ಲುತ್ತಾನೆ, ಡೇಟಾನ ಗೆಳೆಯ ರೈಕರ್ ಮನಸ್ಸಿಲ್ಲದಿದ್ದರೂ ಅವನ ವಿರುದ್ಧ ವಾದಿಸಲೇಬೇಕಾಗುತ್ತದೆ. ತನ್ನ ಬದುಕಿನ ಆಯ್ಕೆ ಡೇಟಾನದೇ ಎಂದು ತೀರ್ಪಾಗುತ್ತದೆ. ಕಥೆಯ ಕಾಲಮಾನದಲ್ಲಿ ಇದು ಟೂವಿಕ್ಸ್ ಹುಟ್ಟುವ ಏಳು ವರ್ಷ ಮೊದಲಿನ ಸಂಗತಿ.

ಇದೆಲ್ಲ ಕಲ್ಪನೆ, ನಿಜ ಜೀವನದಲ್ಲಿ ಇಂಥದ್ದು ಎಲ್ಲಿ ಬರುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ಒಂದು ಮೊಕದ್ದಮೆ ನೆನಪಿಸಬೇಕು. ಟೂವಿಕ್ಸ್ ಪ್ರಸಾರವಾದ ನಾಲ್ಕು ವರ್ಷಗಳ ನಂತರ, 2000ದ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಸಯಾಮಿ ಅವಳಿಗಳು ಹುಟ್ಟಿದವು. ನ್ಯಾಯಾಲಯ ಅವರಿಗೆ ಜೋಡಿ, ಮೇರಿ ಎಂದು ಬದಲಿ ಹೆಸರು ಕೊಟ್ಟಿತು. ಮೇರಿಯ ಹೃದಯ, ಶ್ವಾಸಕೋಶ ಕೆಲಸ ಮಾಡುತ್ತಿರಲಿಲ್ಲ. ಜೋಡಿಯ ರಕ್ತಸಂಚಾರದಿಂದಲೇ ಅವಳು ಬದುಕಿದ್ದಳು. ಬೇರ್ಪಡಿಸದಿದ್ದರೆ ಕೆಲವೇ ತಿಂಗಳಲ್ಲಿ ಇಬ್ಬರೂ ಸಾಯುತ್ತಾರೆ, ಬೇರ್ಪಡಿಸಿದರೆ ಮೇರಿ ಖಂಡಿತ ಸಾಯುತ್ತಾಳೆ ಎಂದರು ವೈದ್ಯರು. ತಂದೆತಾಯಿ ಕ್ಯಾಥೊಲಿಕ್ ಶ್ರದ್ಧೆಯವರು, ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ವಾದ ಆಲಿಸಿ ಸೆಪ್ಟೆಂಬರ್ 22ರಂದು ಶಸ್ತ್ರಚಿಕಿತ್ಸೆಗೆ ಅನುಮತಿ ನೀಡಿದರು. ನವೆಂಬರ್‌ನಲ್ಲಿ ಅದು ನಡೆಯಿತು. ಮೇರಿ ತೀರಿಕೊಂಡಳು, ಜೋಡಿ ಉಳಿದಳು.

ಆ ಪ್ರಕರಣ ಟೂವಿಕ್ಸ್‌ನದಕ್ಕಿಂತ ಭಿನ್ನ. ಮೇರಿ ಉಳಿಯುವ ದಾರಿಯೇ ಇರಲಿಲ್ಲ, ಅವಳ ಬದುಕು ಜೋಡಿಯ ಪ್ರಾಣಕ್ಕೆ ಎರವಾಗಿತ್ತು. ಟೂವಿಕ್ಸ್‌ನಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ಆದರೆ ನಾನು ಅದನ್ನು ತಂದದ್ದು ಬೇರೆ ಕಾರಣಕ್ಕೆ. ಆ ನ್ಯಾಯಾಲಯದಲ್ಲಿ ಮೇರಿಯ ಪರ ವಾದಿಸಲು ಪ್ರತ್ಯೇಕ ವಕೀಲರಿದ್ದರು. ತಾನಾಗಿ ಬದುಕಲಾರದ, ಮಾತೇ ಬಾರದ ಹಸುಗೂಸಿನ ಪರವಾಗಿ ಒಬ್ಬರು ಎದ್ದು ನಿಂತು, ಈ ಮಗುವನ್ನು ಕೊಲ್ಲುವ ಹಕ್ಕು ನಿಮಗಿಲ್ಲ ಎಂದು ಹೇಳಿದ ಮೇಲೆಯೇ ತೀರ್ಪು ಬಂದದ್ದು. ಈ ಪ್ರಕರಣವನ್ನು ಬೇರೆಡೆಗೆ ಹಾಗೆಯೇ ಅನ್ವಯಿಸಬೇಡಿ ಎಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ಘೋರವಾದ ನಿರ್ಧಾರವೊಂದನ್ನು ನಾಗರಿಕ ಸಮಾಜ ತೆಗೆದುಕೊಳ್ಳುವ ರೀತಿ ಅದು.

ಜೇನ್‌ವೇಯ ಸಮರ್ಥಕರ ಕೈಯಲ್ಲಿರುವ ಅತ್ಯಂತ ಬಲವಾದ ಅಸ್ತ್ರ ಕಾಲದ್ದು. ಕಂತಿನಲ್ಲಿ ಅವಳೇ ಅದನ್ನು ಎತ್ತುತ್ತಾಳೆ. ಅಪಘಾತವಾದ ಕ್ಷಣದಲ್ಲೇ ಬೇರ್ಪಡಿಸುವ ವಿಧಾನ ಗೊತ್ತಿದ್ದರೆ ಯಾರಾದರೂ ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದರೇ? ಇಲ್ಲ. ಹಾಗಾದರೆ ಟೂವಿಕ್ಸ್ ಅಪಘಾತವಾಗಿ ಉಳಿಯದೆ ವ್ಯಕ್ತಿಯಾದದ್ದು ಯಾವಾಗ? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಕಂತಿನೊಳಗೇ ಇದೆ. ಅವನಿಗೆ ಹುದ್ದೆ ಕೊಟ್ಟರು, ಅವನ ಸಲಹೆ ಕೇಳಿದರು, ಅವನು ಬಡಿಸಿದ್ದನ್ನು ಉಂಡರು, ಹೆಸರು ಹಿಡಿದು ಕರೆದರು. ಇಷ್ಟೆಲ್ಲ ಮಾಡಿದವರಲ್ಲಿ ಜೇನ್‌ವೇಯೂ ಒಬ್ಬಳು. ವ್ಯಕ್ತಿ ಎಂದು ಒಪ್ಪಿಕೊಂಡು ವಾರಗಟ್ಟಲೆ ದುಡಿಸಿಕೊಂಡ ಮೇಲೆ ಬೇಡವಾದ ದಿನ ಅಪಘಾತ ಎಂದು ಕರೆಯಲು ಬರುವುದಿಲ್ಲ.

ಬರೆದವರ ಬಗ್ಗೆಯೂ ಒಂದು ಮಾತು. ಚಿತ್ರಕಥೆ ಕೆನೆತ್ ಬಿಲ್ಲರ್ ಅವರದು, ನಿರ್ದೇಶನ ಕ್ಲಿಫ್ ಬೋಲ್ ಅವರದು. ಟೂವಿಕ್ಸ್‌ನನ್ನು ದುಷ್ಟನನ್ನಾಗಿಯೋ ರೋಗಿಯನ್ನಾಗಿಯೋ ಮಾಡಿದ್ದರೆ ನೋಡುಗರ ಮನಸ್ಸು ಹಗುರಾಗುತ್ತಿತ್ತು. ಅವನೇ ತ್ಯಾಗಕ್ಕೆ ಒಪ್ಪಿದ್ದರೂ ಆಗುತ್ತಿತ್ತು. ‘ಎಂಟರ್‌ಪ್ರೈಸ್’ ಧಾರಾವಾಹಿಯಲ್ಲಿ 2003ರ ನವೆಂಬರ್‌ನಲ್ಲಿ ಬಂದ ‘ಸಿಮಿಲಿಟ್ಯೂಡ್’ ಕಂತು ಅದೇ ದಾರಿ ಹಿಡಿಯಿತು. ಗಾಯಾಳು ಎಂಜಿನಿಯರ್‌ನ ಪ್ರಾಣ ಉಳಿಸಲೆಂದೇ ಬೆಳೆಸಿದ ಅವನ ತದ್ರೂಪಿ ಕೊನೆಗೆ ತಾನಾಗಿಯೇ ಸಾವಿಗೆ ನಡೆಯುತ್ತಾನೆ. ಕಣ್ಣಲ್ಲಿ ನೀರು ಬರುತ್ತದೆ, ಆದರೆ ಜಗಳ ಇಷ್ಟು ಕಾಲ ಉಳಿಯಲಿಲ್ಲ. ಟೂವಿಕ್ಸ್ ಕೊನೆಯವರೆಗೂ ಬೇಡ ಎಂದ. ಬರಹಗಾರರ ಆ ಧೈರ್ಯಕ್ಕೆ ನನ್ನ ಗೌರವವಿದೆ.

ಸ್ಟಾರ್ ಟ್ರೆಕ್ ಅಭಿಮಾನಿಗಳು ಕೇಳಿಸಿಕೊಂಡು ಸುಮ್ಮನಿರುವ ಜಾತಿಯವರೂ ಅಲ್ಲ. 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ತಮ್ಮದೇ ಪತ್ರಿಕೆ ಹೊರಡಿಸಿದವರು ಅವರು. ಮೂಲ ಧಾರಾವಾಹಿ ನಿಲ್ಲುವ ಸುದ್ದಿ ಬಂದಾಗ ಬ್ಜೋ ಮತ್ತು ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ನಡೆಸಿದರು; ಧಾರಾವಾಹಿ ಮುಂದುವರಿಯುತ್ತದೆ ಎಂದು ಎನ್‌ಬಿಸಿ ವಾಹಿನಿ 1968ರ ಮಾರ್ಚ್ 1ರಂದು ಪ್ರಸಾರದಲ್ಲೇ ಘೋಷಿಸಬೇಕಾಯಿತು. ತಮ್ಮ ಮಾತಿಗೆ ಬೆಲೆಯಿದೆ ಎಂದು ಹೀಗೆ ಕಲಿತ ಸಮುದಾಯ ಅದು. ಟೂವಿಕ್ಸ್ ವಾದವೂ ಕೊನೆಗೆ ಪರದೆಗೇ ಮರಳಿತು. 2023ರ ಸೆಪ್ಟೆಂಬರ್‌ನಲ್ಲಿ ‘ಲೋವರ್ ಡೆಕ್ಸ್’ ಎಂಬ ಅನಿಮೇಷನ್ ಧಾರಾವಾಹಿಯ ನಾಲ್ಕನೇ ಸೀಸನ್ ‘ಟೂವಿಕ್ಸ್’ ಹೆಸರಿನ ಉಚ್ಚಾರಣೆಯನ್ನೇ ಹೋಲುವ ಕಂತಿನೊಂದಿಗೆ ಶುರುವಾಯಿತು. ಮತ್ತೆ ಇಬ್ಬರು ಬೆಸೆದುಹೋಗುತ್ತಾರೆ. ಹಿಂದೆ ಜೇನ್‌ವೇ ಏನು ಮಾಡಿದಳು ಎಂದು ಹಳೆಯ ದಾಖಲೆ ತೆಗೆದು ನೋಡಿದ ಈ ಕ್ಯಾಪ್ಟನ್ ಬೆಚ್ಚಿಬೀಳುತ್ತಾಳೆ. ಅಭಿಮಾನಿಗಳು ಇಷ್ಟು ವರ್ಷ ಕೇಳಿದ ಪ್ರಶ್ನೆಯನ್ನು ಸ್ಟಾರ್ ಟ್ರೆಕ್ ಒಳಗಿನವರೇ ಕೇಳುವಂತಾಗಲು 27 ವರ್ಷ ಹಿಡಿಯಿತು.

ಎರಡು ಬಣಗಳಲ್ಲಿ ನೀವು ಎಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟವಿದೆ. ಟೂವಾಕ್ ಮತ್ತು ನೀಲಿಕ್ಸ್‌ಗೆ ಬದುಕುವ ಹಕ್ಕಿತ್ತು. ಅದನ್ನು ಇನ್ನೊಬ್ಬನ ಪ್ರಾಣ ಕಿತ್ತು ತೀರಿಸುವ ಹಕ್ಕು ಜೇನ್‌ವೇಗೆ ಇರಲಿಲ್ಲ, ಅದರಲ್ಲೂ ಅವನ ಪರ ಮಾತಾಡಲು ಒಬ್ಬರನ್ನೂ ನೇಮಿಸದೆ. ಕಂತನ್ನು ನೋಡುವುದಾದರೆ ಮೊದಲು ‘ಡೆತ್ ವಿಶ್’ ನೋಡಿ, ಆಮೇಲೆ ‘ಟೂವಿಕ್ಸ್’ ನೋಡಿ. ನನ್ನ ತೀರ್ಪು ತಪ್ಪು ಅನ್ನಿಸಿದರೆ ಟೂವಾಕ್ ಮತ್ತು ನೀಲಿಕ್ಸ್ ಪರವಾಗಿ ನಿಮ್ಮ ವಾದ ಬರೆದು ಕಳುಹಿಸಿ.